ಚಿಗವ್ವ ಓದಿದ ರಾಜಧಾನಿ

ಹೋದ ವಾರ ನಮ್ಮ ಶಾಲೆಯ ಕರಿಹಲಗೆಗೆ ಬಣ್ಣ ಬಳಿಸಬೇಕೆಂದು ಸಂಡೂರಿನ ಬಜಾರಿನಲ್ಲಿ ಎರಡು ಇಂಚಿನ ಬ್ರಷ್ ಒಂದನ್ನು ಕೊಂಡೆ. ಬಳಿಯುವವರು ಬೇರೆಯವರು, ನಾನು ಬರೀ ಕೊಳ್ಳುವವಳು. ಆದರೂ ಬ್ರಷ್ ಕೈಗೆ ಬಂದ ಕೂಡಲೇ ಅದರ ಕೂದಲನ್ನು ಅಂಗೈ ಮೇಲೆ ಎರಡು ಸಲ ಎಳೆದು ನೋಡಿದೆ. ಅಂಗಡಿಯವನು, "ಕೂದಲು ಉದುರಂಗಿಲ್ರಿ ಟೀಚರ್, ಮಸ್ತ್ ಐತಿ" ಅಂದ. ಉದುರುವ ಚಿಂತೆ ನನಗಿರಲಿಲ್ಲ. ಮೆತ್ತಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಹಲಗೆಗೆ ಬಣ್ಣ ಬಳಿಯುವ ಬ್ರಷ್ಷು ಮೆತ್ತಗಿದ್ದು ಯಾರಿಗೇನಾಗಬೇಕು? ಮನೆಗೆ ನಡೆದು ಬರುವಾಗ ದಾರಿಯಲ್ಲಿ ಹೊಳೆಯಿತು. ಬ್ರಷ್ಷನ್ನು ಹೀಗೆ ಅಂಗೈಗೆ ಸವರಿ ನೋಡುತ್ತಿದ್ದವಳು ನಮ್ಮ ಚಿಗವ್ವ. ಅವಳ ಕೈಯ ಅಭ್ಯಾಸ ಯಾವಾಗಲೋ ನನ್ನ ಕೈಗೆ ಬಂದು ಸೇರಿಕೊಂಡಿತ್ತು.

ಚಿಗವ್ವ ಅಂದರೆ ನಮ್ಮವ್ವನ ತಂಗಿ, ಹುಲಿಗೆವ್ವ. ತವರು ಬುಕ್ಕಸಾಗರ, ಕೊಟ್ಟದ್ದು ಕಮಲಾಪುರಕ್ಕೆ. ಗಂಡ ಬಾಳೆ ತೋಟಗಳಲ್ಲಿ ದುಡಿಯುತ್ತಿದ್ದ. ಇವಳು ಹಂಪಿಯ ಅರಮನೆ ಬಯಲಿನಲ್ಲಿ ಮಣ್ಣು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ನೆಲದೊಳಗೆ ಹುಗಿದುಹೋದ ಹಳೆಯ ರಾಜಧಾನಿಯನ್ನು ಅಗೆದು ಹೊರಗೆ ತೆಗೆಯುತ್ತಿದ್ದ ಕಾಲ ಅದು. ದೊಡ್ಡವರು ಅದಕ್ಕೆ ಉತ್ಖನನ ಎನ್ನುತ್ತಿದ್ದರು. ಚಿಗವ್ವ "ಊರು ತಗಿಯೋ ಕೆಲಸ" ಎನ್ನುತ್ತಿದ್ದಳು. ಇಷ್ಟು ವರ್ಷ ಸಮಾಜ ವಿಜ್ಞಾನ ಕಲಿಸಿದ ಮೇಲೆ ಹೇಳುತ್ತೇನೆ, ಅವಳ ಹೆಸರೇ ಸರಿ.

ನಿಮಗೆ ಹೊಸಪೇಟೆಯಲ್ಲಿ ಹುಟ್ಟಿದವರ ಕಷ್ಟ ಗೊತ್ತಿರಲಿಕ್ಕಿಲ್ಲ. ಬೇರೆ ಊರಿನವರ ಮನೆಗೆ ನೆಂಟರು ಬಂದರೆ ಉಣ್ಣುತ್ತಾರೆ, ಮಲಗುತ್ತಾರೆ, ಎದ್ದು ಹೋಗುತ್ತಾರೆ. ನಮ್ಮ ಮನೆಗೆ ಬಂದವರು ಚಹಾದ ಲೋಟ ಕೆಳಗಿಡುವ ಮೊದಲೇ "ಹಂಪಿಗೆ ಯಾವಾಗ?" ಎಂದು ಕೇಳುತ್ತಾರೆ. ವಿರೂಪಾಕ್ಷನ ಗುಡಿ ನಾನು ಎಷ್ಟು ಸಲ ನೋಡಿದ್ದೇನೋ ನೆನಪಿಲ್ಲ. ಅಲ್ಲಿಂದ ಹೇಮಕೂಟ ಹತ್ತಿಸಿ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ತೋರಿಸಿ, ಇಷ್ಟು ದೊಡ್ಡ ಗಣಪನಿಗೆ ಇಷ್ಟು ಸಣ್ಣ ಕಾಳಿನ ಹೆಸರು ಯಾಕೆ ಎಂಬ ಪ್ರಶ್ನೆಗೆ ಪ್ರತಿ ಸಲವೂ ಒಂದೊಂದು ಉತ್ತರ ಕೊಟ್ಟು, ಉಗ್ರನರಸಿಂಹನ ಕಣ್ಣಿಗೆ ಮಕ್ಕಳನ್ನು ಹೆದರಿಸಿ, ಪಕ್ಕದ ನೀರಿನಲ್ಲಿ ನಿಂತ ಬಡವಿಲಿಂಗದ ಮುಂದೆ ಸಮಾಧಾನ ಮಾಡಿ, ಕಮಲ ಮಹಲು, ಆನೆ ಲಾಯ ಮುಗಿಸುವ ಹೊತ್ತಿಗೆ ನೆಂಟರ ಕಾಲು ಸೋತಿರುತ್ತದೆ. ವಿಠ್ಠಲನ ಗುಡಿಯ ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಅವರ ಹಂಪಿ ಮುಗಿಯಿತು. ನನ್ನದೂ ಎಷ್ಟೋ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಮನೆಯ ಹಿತ್ತಲಿನಲ್ಲೇ ಇರುವುದನ್ನು ಯಾರು ಕಣ್ಣರಳಿಸಿ ನೋಡುತ್ತಾರೆ ಹೇಳಿ?

ಆದರೆ ಅದನ್ನು ಕಣ್ಣರಳಿಸಿ ನೋಡಿದ ಒಂದು ಬೇಸಿಗೆ ನನಗಿದೆ. ಆಗ ನಾಲ್ಕನೇ ಕ್ಲಾಸು ಪಾಸಾಗಿದ್ದೆ. ನಮ್ಮವ್ವ ಬಾಣಂತಿ. ಹಸುಗೂಸು ಮಲಗಿದಾಗಲೇ ಗಟ್ಟಿಯಾಗಿ ಪಾಠ ಓದುವ ಚಟ ನನಗಿತ್ತಾದ್ದರಿಂದ, ಅಪ್ಪ ನನ್ನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋಗಿ ಕಮಲಾಪುರದಲ್ಲಿ ಚಿಗವ್ವನ ಮನೆಗೆ ಬಿಟ್ಟು ಬಂದ. ಅವಳಿಗೆ ಆಗ ಇನ್ನೂ ಮಕ್ಕಳಿರಲಿಲ್ಲ. ಮನೆಯಲ್ಲಿ ಒಬ್ಬಳೇ ಏನು ಮಾಡುತ್ತಾಳೆ ಎಂದು ನನ್ನನ್ನೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ರೊಟ್ಟಿ, ಗುರೆಳ್ಳು ಪುಡಿಯ ಗಂಟು ನನ್ನ ಕೈಯಲ್ಲಿ, ಮಣ್ಣು ಹೊರುವ ಪುಟ್ಟಿ ಅವಳ ತಲೆಯ ಮೇಲೆ.

ಬೇವಿನ ಗಿಡದ ಕೆಳಗೆ, ನೀರಿನ ಗಡಿಗೆಯ ಪಕ್ಕ ನನ್ನ ಜಾಗ. ನೀರು ಕುಡಿಯಲು ಬಂದ ಹೆಂಗಸರಿಗೆಲ್ಲ ನಾನು ರೊಟ್ಟಿ ಸುತ್ತಿದ ಹಳೇ ಪೇಪರನ್ನು ಓದಿ ಹೇಳುತ್ತಿದ್ದೆ. ಅವರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ. "ಎಷ್ಟು ಜಲ್ದಿ ಓದ್ತಾಳ ನೋಡಲೇ!" ಎಂದು ಅವರು ಬಾಯಿ ಬಿಟ್ಟು ಕೇಳುವಾಗ, ಗೊತ್ತಿಲ್ಲದ ಪದ ಬಂದರೆ ನಾನು ನಿಲ್ಲುತ್ತಿರಲಿಲ್ಲ. ನನ್ನದೇ ಒಂದು ಪದ ಹಾಕಿ ಮುಂದೆ ಹೋಗುತ್ತಿದ್ದೆ. ನನಗೆ ಅಲ್ಲಿ "ಸಾಲಿ ಹುಡುಗಿ" ಎಂದು ಹೆಸರೇ ಬಿದ್ದಿತ್ತು. ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಕೂಡ ಹಾಗೇ ಕರೆಯುತ್ತಿದ್ದ. ಆ ಹೆಸರಿನ ಜಂಬ ನನ್ನ ಎರಡು ಜಡೆಗಳ ತುದಿಯವರೆಗೂ ಇಳಿದಿತ್ತು.

ಮಣ್ಣಿನೊಳಗಿಂದ ಆಗ ಏಳುತ್ತಿದ್ದದ್ದು ಒಂದು ಪುಷ್ಕರಣಿ. ಈಗ ಹಂಪಿಗೆ ಬಂದವರೆಲ್ಲ ಮಹಾನವಮಿ ದಿಬ್ಬ ಇಳಿದು ಮೊದಲು ಅದರ ಹತ್ತಿರವೇ ಓಡುತ್ತಾರೆ. ನಾಲ್ಕೂ ಕಡೆಯಿಂದ ಸಣ್ಣ ಸಣ್ಣ ಮೆಟ್ಟಿಲುಗಳು ಲೆಕ್ಕ ಹಾಕಿ ಜೋಡಿಸಿದ ಹಾಗೆ ಕೆಳಗೆ ಇಳಿಯುವ ಕರೀ ಕಲ್ಲಿನ ಕೊಳ. ನಾನು ಕಂಡಾಗ ಅದು ಅರ್ಧ ಮಾತ್ರ ಹೊರಗೆ ಬಂದಿತ್ತು. ಮಣ್ಣಿನ ಗೋಡೆಯೊಳಗಿಂದ ಒಂದೊಂದೇ ಮೆಟ್ಟಿಲು ಮೂಗು ತೋರಿಸುತ್ತಿತ್ತು. ಸಾವಿರ ಬುಟ್ಟಿ ಮಣ್ಣು ಹೊತ್ತ ಮೇಲೆ ಒಂದು ಮೂಲೆ ಕಂಡರೆ ಆವತ್ತು ಹೆಂಗಸರೆಲ್ಲ ಮನೆಯಲ್ಲಿ ಕೂಸು ಹುಟ್ಟಿದ ಹಾಗೆ ಖುಷಿಪಡುತ್ತಿದ್ದರು.

ಒಂದು ಮಧ್ಯಾಹ್ನ ಚಿಗವ್ವ ನನ್ನನ್ನು ಕೂಗಿದಳು. "ಲೇ ಹುಡುಗಿ, ಬಾ ಇಲ್ಲಿ. ಇದೇನು ಓದು ನೋಡೋಣ."

ಕೊಳದ ಒಂದು ಬದಿಯಲ್ಲಿ ಮೆಟ್ಟಿಲು ಕಳಚಿ ಬಿದ್ದ ಕಲ್ಲುಗಳ ರಾಶಿ ಇತ್ತು. ಒಂದರ ಮೇಲಿನ ಮಣ್ಣನ್ನು ಅವಳು ಸೆರಗಿನಿಂದ ಒರೆಸಿದ್ದಳು. ಅದರ ಮೇಲೆ ಉಳಿಯಿಂದ ಕೊರೆದ ಒಂದು ಗೀರು, ಅದರ ಪಕ್ಕ ಇನ್ನೊಂದು ಸಣ್ಣ ಗೀರು. ಬಗ್ಗಿ ನೋಡಿದೆ. ತಲೆ ಓರೆ ಮಾಡಿ ನೋಡಿದೆ. ನನ್ನ ಪುಸ್ತಕದಲ್ಲಿದ್ದ ಯಾವ ಅಕ್ಷರಕ್ಕೂ ಅದು ಹೊಂದಲಿಲ್ಲ. ಸುತ್ತ ಐದಾರು ಹೆಂಗಸರು ನಿಂತಿದ್ದರು. ಮೇಸ್ತ್ರಿಯೂ ಬಂದು ನಿಂತ. ನನಗೆ ಬರುವುದಿಲ್ಲ ಎಂದು ಹೇಳುವುದಕ್ಕಿಂತ ಸಾಯುವುದು ಮೇಲು ಅನ್ನಿಸುವ ವಯಸ್ಸು.

"ಇದು ಅಕ್ಷರ ಅಲ್ಲ ಚಿಗವ್ವ. ಯಾರೋ ಸುಮ್ನ ಕೆರದಾರ" ಅಂದೆ.

"ಹಂಗಾದ್ರ ಎಲ್ಲಾ ಕಲ್ಲಿನ ಮ್ಯಾಲೂ ಯಾಕ ಕೆರದಾರ?"

"ಕೆಲಸ ಇಲ್ಲದವರು ಕೆರದಿರ್ತಾರ."

ಎಲ್ಲರೂ ನಕ್ಕರು, ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ನಕ್ಕ. ಚಿಗವ್ವ ಮಾತ್ರ ನಗಲಿಲ್ಲ. ಆ ಗೀರಿನ ಮೇಲೆ ಬೆರಳಾಡಿಸುತ್ತಾ ಅಲ್ಲೇ ಕುಂತಿದ್ದಳು. ಆಮೇಲೆ ಊಟದ ಹೊತ್ತಿನಲ್ಲಿ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಕೊಳದ ಸುತ್ತ ಒಂದು ಸುತ್ತು ಹಾಕಿ, ಒಂದೊಂದು ಮೆಟ್ಟಿಲನ್ನೂ ಬಗ್ಗಿ ನೋಡಿ ಬಂದಳು. ಏನು ನೋಡಿದಳು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಉತ್ಖನನದ ಉಸ್ತುವಾರಿ ನೋಡುತ್ತಿದ್ದ ಸಾಹೇಬರು ಏನೋ ಕೆಲಸದ ಮೇಲೆ ಜೀಪಿನಲ್ಲಿ ಹೊಸಪೇಟೆಗೆ ಹೋಗಿದ್ದರು. ಅವರು ಬರುವುದರೊಳಗೆ ಜಾಗ ಹಸನು ಮಾಡಿ ತೋರಿಸಬೇಕು ಎಂದು ಮೇಸ್ತ್ರಿಗೆ ಹುರುಪು. ಬಿದ್ದ ಕಲ್ಲುಗಳ ರಾಶಿ ಬುಟ್ಟಿ ಹೊರುವವರ ದಾರಿಗೆ ಅಡ್ಡವಾಗಿತ್ತು. ಅವನ್ನು ಎತ್ತಿ ಆಚೆ ಕೋಟೆ ಗೋಡೆಯ ಹತ್ತಿರ ಒಡಕು ಕಲ್ಲುಗಳ ದೊಡ್ಡ ಗುಡ್ಡೆಗೆ ಹಾಕಿರಿ ಎಂದು ಹೇಳಿದ. ಇಬ್ಬರು ಗಂಡಸರು ಕಲ್ಲು ಹೊರಲು ಹಗ್ಗ, ಬೊಂಬು ತಂದರು.

"ಮೇಸ್ತ್ರಿ, ಇವನ್ನ ಅದರಾಗ ಕಲಸಬ್ಯಾಡ್ರಿ" ಎಂದಳು ಚಿಗವ್ವ. "ಇವು ಗುರ್ತಿನ ಕಲ್ಲದಾವು. ಸಾಹೇಬ್ರು ಬರಲಿ."

"ಏನ್ ಗುರ್ತು? ನಿಮ್ಮ ಅಕ್ಕನ ಮಗಳು ಸಾಲಿ ಕಲಿತಾಕಿ, ಆಕೀನ ಹೇಳ್ಯಾಳಲ್ಲ ಬರೇ ಕೆರದದ್ದು ಅಂತ. ನಿನಗ ನಿನ್ನ ಹೆಸರು ಬರಿಯಾಕ ಬರಂಗಿಲ್ಲ, ನೀ ನನಗ ಓದಿ ಹೇಳ್ತೀಯೇನು?"

ಬೇವಿನ ಗಿಡದ ಕೆಳಗೆ ನಾನು ಕೈಯಲ್ಲಿದ್ದ ಪೇಪರನ್ನು ಮಡಚಿ ಬದಿಗಿಟ್ಟೆ. ಚಿಗವ್ವ ನನ್ನ ಕಡೆ ನೋಡಲಿಲ್ಲ. ಪುಟ್ಟಿಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ತೆಗೆದು ನೆಲಕ್ಕಿಟ್ಟು, ಸೆರಗು ಹೊದ್ದು, ಆ ರಾಶಿಯ ಮೇಲೆ ಹತ್ತಿ ಕುಂತುಬಿಟ್ಟಳು.

"ಹಂಗಾದ್ರ ನನ್ನನ್ನೂ ಕೂಡೇ ಎತ್ತಿ ಹಾಕ್ರಿ."

"ನಾಳಿಂದ ಕೆಲಸಕ್ಕ ಬರಬ್ಯಾಡ ಮತ್ತ."

"ನಾಳಿಂದು ನಾಳೆ ನೋಡೋಣು. ಇವತ್ತು ಇವು ಇಲ್ಲೇ ಇರ್ತಾವ."

ಬಳ್ಳಾರಿ ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಆ ಕರೀ ಕಲ್ಲು ಹಂಚಿನ ಹಾಗೆ ಕಾದಿತ್ತು. ಉಳಿದವರು ಸ್ವಲ್ಪ ಹೊತ್ತು ನಿಂತು ನೋಡಿ ಬೇರೆ ಕಡೆ ಕೆಲಸಕ್ಕೆ ಹೋದರು. ಹಗ್ಗ ತಂದ ಗಂಡಸರೂ ಹಿಂದೆ ಸರಿದರು. ಅವಳು ಒಬ್ಬಳೇ ಕುಂತಿದ್ದಳು. ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. ನೀರು ಕುಡಿದು, "ನೆಳ್ಳಾಗ ಕುಂದ್ರು ಹೋಗು. ಬಿಸಲು ಭಾಳ ಐತಿ" ಎಂದಳು. ಅಷ್ಟೇ.

ಸಾಹೇಬರ ಜೀಪು ಬಂದಾಗ ಹೊತ್ತು ವಾಲಿತ್ತು. ಅವರು ಮೈಸೂರು ಕಡೆಯವರು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿ, ಸದಾ ಒಂದು ಟೊಪ್ಪಿಗೆ, ಕೈಯಲ್ಲೊಂದು ನೋಟ್‌ಬುಕ್ಕು. ಮೇಸ್ತ್ರಿ ಓಡಿಹೋಗಿ ತಾನೇ ಮೊದಲು ಎಲ್ಲ ಹೇಳಿದ. ಕೊನೆಗೆ, "ಬೇಕಾದ್ರ ಆ ಸಾಲಿ ಹುಡುಗೀನ ಕೇಳ್ರಿ ಸಾರ್" ಎಂದು ನನ್ನ ಕಡೆ ಕೈ ಮಾಡಿದ.

"ಏನಮ್ಮ, ನೀನು ಓದಿ ನೋಡಿದೆಯಾ?" ಎಂದರು ಸಾಹೇಬರು.

ಹೌದು ಅಂದರೆ ನನ್ನ ಮಾನ ಉಳಿಯುತ್ತಿತ್ತು. ಚಿಗವ್ವನ ಕೆಲಸ ಹೋಗುತ್ತಿತ್ತು. ಅವಳು ಕಲ್ಲಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಕೋಪದಿಂದ ಅಲ್ಲ, ನನ್ನ ಬಾಯಲ್ಲಿ ಏನು ಬರುತ್ತದೋ ಎಂಬ ಕುತೂಹಲದಿಂದ.

"ನನಗ ಓದಾಕ ಬರಲಿಲ್ಲರಿ" ಎಂದೆ. "ಬರಂಗಿಲ್ಲ ಅನ್ನಾಕ ನಾಚಿಕಿ ಆತು. ಅದಕ್ಕ ಅಕ್ಷರ ಅಲ್ಲ ಅಂದೆ." ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು.

ಸಾಹೇಬರು ನನಗೂ ಏನೂ ಅನ್ನಲಿಲ್ಲ, ಮೇಸ್ತ್ರಿಗೂ ಏನೂ ಅನ್ನಲಿಲ್ಲ. ಚಿಗವ್ವನ ಕಡೆ ತಿರುಗಿ, "ಇದು ಗುರುತು ಅಂತ ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು.

ಅವಳು ಕಲ್ಲಿನಿಂದ ಇಳಿದಳು. "ಬುಕ್ಕಸಾಗರದಾಗ ನಮ್ಮಪ್ಪನ ಮನೀಗೆ ಹೊಳೀ ನೀರು ನುಗ್ಗಿತ್ತುರಿ, ನಾ ಸಣ್ಣಾಕಿದ್ದಾಗ. ಮನೀ ಬಿಚ್ಚಿ ಮ್ಯಾಲಿನ ದಿಬ್ಬಕ್ಕ ಒಯ್ದು ಕಟ್ಟಿದ್ವಿ. ಬಿಚ್ಚೂವಾಗ ಬಡಿಗ್ಯಾ ಒಂದೊಂದು ಕಂಬಕ್ಕೂ ತೊಲೀಗೂ ಉಳೀಲೆ ಗೀರು ಹಾಕಿದ್ದ. ಈ ಗೀರಿನ ಕಂಬ ಈ ಮೂಲಿಗೆ, ಆ ಗೀರಿಂದು ಆ ಮೂಲಿಗೆ ಅಂತ. ಎರಡು ಗೀರಿಂದು ತರ್ರಿ, ಮೂರು ಗೀರಿಂದು ತರ್ರಿ ಅಂತ ಕೂಗಾಕಿ ನಾನ ಇದ್ದೆ. ಇಲ್ಲೂ ಹಂಗ ಐತಿ ನೋಡ್ರಿ. ಈ ಕಡೀ ಕಲ್ಲಿಗೆಲ್ಲ ಒಂದ ಆಕಾರ. ಎದುರು ಕಡೀಗೆ ಬ್ಯಾರೆ. ಮತ್ತ ಈ ಕಲ್ಲು ನಮ್ಮ ಗುಡ್ಡದ್ದಲ್ಲ. ನಮ್ಮ ಕಲ್ಲು ಉರುಟು, ಇದು ಕರೇದು, ನುಣುಪು. ಎಲ್ಲಿಯೋ ಕಡದು, ಜೋಡಿಸಿ ನೋಡಿ, ಬಿಚ್ಚಿ, ಗುರ್ತು ಹಾಕಿ ತಂದಾರ. ಗುರ್ತಿನ ಕಲ್ಲು ಕಲಸಿದ್ರ ಮನೀ ಮತ್ತ ನಿಂದ್ರಂಗಿಲ್ಲರಿ."

ಸಾಹೇಬರು ಬಗ್ಗಿ ಆ ಗೀರನ್ನು ನೋಡಿದರು. ಆಮೇಲೆ ತಮ್ಮ ನೋಟ್‌ಬುಕ್ಕು ಬಿಚ್ಚಿ ಅವಳಿಗೆ ತೋರಿಸಿದರು. ನಿಂತ ಮೆಟ್ಟಿಲುಗಳ ಮೇಲಿನ ಆ ಗುರುತುಗಳನ್ನೆಲ್ಲ ಅವರು ಆಗಲೇ ಬರೆದಿಟ್ಟಿದ್ದರು. ನಮ್ಮ ಚಿಗವ್ವ ಜಗತ್ತಿಗೇ ಮೊದಲು ಅದನ್ನು ಕಂಡುಹಿಡಿದಳು ಎಂದು ನಾನು ಹೇಳುವುದಿಲ್ಲ. ಹೇಳಬೇಕೆಂಬ ಆಸೆಯೇನೋ ಇದೆ. ಸಾಹೇಬರು ಹೇಳಿದ್ದು ಇಷ್ಟು: "ಇದನ್ನು ತಿಳಿಯುವುದಕ್ಕೆ ನಾನು ಎಷ್ಟೋ ವರ್ಷ ಓದಬೇಕಾಯಿತು. ನೀನು ಒಂದು ಊಟದ ಹೊತ್ತಿನಲ್ಲಿ ತಿಳಿದೆ. ಈ ಕಲ್ಲುಗಳು ಆ ಗುಡ್ಡೆಗೆ ಸೇರಿದ್ದರೆ ಮತ್ತೆ ಹುಡುಕಿ ತೆಗೆಯುವುದು ಬಹಳ ಕಷ್ಟವಾಗುತ್ತಿತ್ತು."

ಆಮೇಲೆ ನನ್ನ ಭುಜ ಹಿಡಿದು ಕಲ್ಲಿನ ಆಚೆ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. "ಈಗ ಇಲ್ಲಿಂದ ನೋಡು." ನೋಡಿದೆ. ಕಲ್ಲು ತಲೆಕೆಳಗಾಗಿ ಬಿದ್ದಿತ್ತು. ಈ ಬದಿಯಿಂದ ನೋಡಿದರೆ, ಹಳೆಯ ಕಾಲದ ಸ್ವಲ್ಪ ಬೇರೆ ಮೈಕಟ್ಟಿನ ಒಂದು ಅಕ್ಷರ ನನ್ನನ್ನೇ ನೋಡುತ್ತಿತ್ತು.

"ಪ!" ಎಂದು ಕಿರುಚಿದೆ.

"ಪ. ಪಡುವಣ ದಿಕ್ಕು. ಪಕ್ಕದ್ದು ಸಾಲಿನ ಅಂಕಿ."

ಚಿಗವ್ವ ಕಣ್ಣು ದೊಡ್ಡದು ಮಾಡಿದಳು. "ಪಡುವಲಾ? ನಮ್ಮ ಮಾತಿನ್ಯಾಗ ಬರದಾರೇನ್ರಿ? ರಾಜರು ನಮ್ಮ ಹಂಗ ಮಾತಾಡ್ತಿದ್ರಾ?"

"ರಾಜರ ಕೈಬರಹ ಅಲ್ಲಮ್ಮ ಇದು. ಕಲ್ಲು ಕಡಿಯುವವರದು, ಜೋಡಿಸುವವರದು."

"ಹಂಗಾದ್ರ ನಮ್ಮವರದು" ಎಂದಳು. ಆ ಅಕ್ಷರದ ಮೇಲೆ ಅಂಗೈ ಇಟ್ಟಳು. ಬಹಳ ವರ್ಷದ ಮೇಲೆ ಸಿಕ್ಕ ನೆಂಟರ ತಲೆ ಸವರುವ ಹಾಗೆ. ಮೇಸ್ತ್ರಿ ತಾನೇ ಹೋಗಿ ಅವಳ ಸಿಂಬಿಯನ್ನು ಎತ್ತಿ ಧೂಳು ಕೊಡವಿ ತಂದುಕೊಟ್ಟ. ಅವನು ಕೆಟ್ಟವನಲ್ಲ. ಅವನನ್ನು ದಾರಿ ತಪ್ಪಿಸಿದವಳು ನಾನು.

ಮರುದಿನದಿಂದ ಅವಳ ತಲೆಯ ಮೇಲಿನ ಪುಟ್ಟಿ ಇಳಿಯಿತು. ಸಾಹೇಬರು ಅವಳಿಗೆ ಬ್ರಷ್ಷು ಕೊಟ್ಟರು. ಕಲ್ಲಿನ ಮೇಲಿನ ಕೊನೆಯ ತೆಳು ಮಣ್ಣನ್ನು ಗೀರು ಮುಕ್ಕಾಗದಂತೆ ತೆಗೆಯುವ ಕೆಲಸ. ಕಲ್ಲಿನ ಮೇಲೆ ಕೈ ಇಡುವ ಮೊದಲು ಬ್ರಷ್ಷನ್ನು ಅಂಗೈಗೆ ಸವರಿ ನೋಡುತ್ತಿದ್ದಳು. ಒರಟಾಗಿದ್ದರೆ "ಇದು ಬ್ಯಾಡ, ಕಲ್ಲಿಗೆ ನೋವಾಕ್ಕೈತಿ" ಎಂದು ಹಿಂದಕ್ಕೆ ಕೊಡುತ್ತಿದ್ದಳು. ಆ ಬೇಸಿಗೆ ಮುಗಿಯುವುದರೊಳಗೆ ಉಳಿದ ಅಕ್ಷರಗಳನ್ನು ನಾನು ಬೇವಿನ ಗಿಡದ ಕೆಳಗೆ ಮಣ್ಣಿನಲ್ಲಿ ಬರೆದು ಕಲಿಸಿದೆ. ನನ್ನ ಮೊದಲ ವಿದ್ಯಾರ್ಥಿನಿ ಅವಳು. ಎಲ್ಲರೂ ಅ ಆ ಇಂದ ಶುರುಮಾಡಿದರೆ ಅವಳು ಕಲ್ಲಿನ ಮೇಲಿದ್ದ ನಾಲ್ಕು ದಿಕ್ಕುಗಳ ಅಕ್ಷರಗಳಿಂದ ಶುರುಮಾಡಿದಳು. ಇವತ್ತಿಗೂ ಅವಳು ಹುಲಿಗೆವ್ವ ಎಂದು ಬರೆದರೆ ಪೆನ್ನಿನಲ್ಲಿ ಬರೆದ ಹಾಗಿರುವುದಿಲ್ಲ, ಉಳಿಯಲ್ಲಿ ಕೊರೆದ ಹಾಗಿರುತ್ತದೆ.

ಮುಂದೆ ನನ್ನ ಮದುವೆಯಾಗಿ, ಗಣಿ ಕಂಪನಿಯಲ್ಲಿ ಕೆಲಸದಲ್ಲಿದ್ದ ನನ್ನ ಯಜಮಾನರ ಜೊತೆ ಸಂಡೂರಿಗೆ ಬಂದೆ. ಒಮ್ಮೆ ಅವರ ಸ್ನೇಹಿತರೊಬ್ಬರು ಹೆಂಡತಿಯ ಜೊತೆ ದೆಹಲಿಯಿಂದ ಬಂದರು. ಹಂಪಿ ತೋರಿಸಲು ಚಿಗವ್ವನನ್ನೇ ಕರೆದೆವು. ಆ ಸ್ನೇಹಿತರು ತಮ್ಮ ದೆಹಲಿಯಲ್ಲಿ ನೋಡುವಂಥದ್ದು ಏನೇನಿದೆ ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದರು. ಕೋಟೆ, ಗೋಪುರ, ದೊಡ್ಡ ದೊಡ್ಡ ರಸ್ತೆ. ಅವರು ರಾಜಧಾನಿಯಿಂದ ಬಂದವರು ಎಂದು ಯಜಮಾನರು ಪರಿಚಯ ಮಾಡಿಕೊಟ್ಟಾಗ ಚಿಗವ್ವ ಕೈಮುಗಿದು, "ಹಂಗಾದ್ರ ರಾಜಧಾನಿಯಿಂದ ರಾಜಧಾನಿಗೆ ಬಂದೀರಿ. ಬರ್ರಿ, ಬರ್ರಿ" ಎಂದಳು. ಅವರನ್ನು ಮೊದಲು ಕರೆದೊಯ್ದದ್ದು ಯಾವ ಗುಡಿಗೂ ಅಲ್ಲ, ಬಾಳೆ ತೋಟದ ಬದಿಯ ಕಾಲುವೆಗೆ. ರಾಜರ ಕಾಲದಲ್ಲಿ ತೋಡಿದ ಕಾಲುವೆ. ಇವತ್ತಿಗೂ ನೀರು ಹರಿಯುತ್ತದೆ, ಇವತ್ತಿಗೂ ಗದ್ದೆಗೆ ಹೋಗುತ್ತದೆ. "ಕೈ ಹಾಕ್ರಿ" ಎಂದಳು. ಅವರು ಹಾಕಿದರು. "ಊರು ಹಾಳಾತು ಅಂತಾರ ಎಲ್ಲಾರೂ. ನೀರಿಗೆ ಯಾರೂ ಹೇಳಿಲ್ಲ ನೋಡ್ರಿ." ಯಜಮಾನರು ಅದನ್ನು ಹಿಂದಿಯಲ್ಲಿ ಹೇಳಿದಾಗ ಆ ಹೆಣ್ಣುಮಗಳು ನೀರಿನಿಂದ ಕೈ ತೆಗೆಯಲೇ ಇಲ್ಲ. ನನ್ನ ಹಳೆಯ ಪಟ್ಟಿಯಲ್ಲಿ ಆ ಕಾಲುವೆ ಎಂದೂ ಇರಲಿಲ್ಲ. ಅವತ್ತು ನನ್ನ ಎದೆ ಎಷ್ಟು ಉಬ್ಬಿತ್ತು ಎಂದರೆ, ಆ ಊರನ್ನು ನಾನೇ ಕಟ್ಟಿಸಿದ ಹಾಗೆ.

ಬ್ರಷ್ಷು ಕೊಂಡ ಮೇಲೆ ಮನಸ್ಸು ತಡೆಯಲಿಲ್ಲ. ಈ ಶನಿವಾರ ನಮ್ಮ ಏಳನೇ ತರಗತಿಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದೆ. ಕಮಲಾಪುರದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಚಿಗವ್ವ ಇಳಕಲ್ ಸೀರೆ ಉಟ್ಟು ಬೆಳಗಿನಿಂದಲೇ ಬಾಗಿಲಲ್ಲಿ ಕಾದಿದ್ದಳು. ಈಗ ನಡಿಗೆ ನಿಧಾನ. ಕಣ್ಣಿನ ಆಪರೇಷನ್ ಆಗಿದೆ. ಆದರೆ ಅರಮನೆ ಬಯಲಿನೊಳಗೆ ಕಾಲಿಟ್ಟ ಮೇಲೆ ಅವಳೇ ಮುಂದೆ, ನಾವು ಹಿಂದೆ. ಈಗ ಪುಷ್ಕರಣಿಯೊಳಗೆ ಇಳಿಯಲು ಬಿಡುವುದಿಲ್ಲ. ಮೇಲೆ ನಿಂತೇ ಒಂದೊಂದು ಬದಿಯನ್ನೂ ತೋರಿಸಿ, ಯಾವ ಕಡೆಗೆ ಯಾವ ಅಕ್ಷರ ಎಂದು ಮಕ್ಕಳಿಗೆ ಹೇಳಿದಳು. ಪಡುವಣ ಬದಿಯ ಮೆಟ್ಟಿಲುಗಳು ಒಂದೂ ಕುಂದಿಲ್ಲದೆ ಬಿಸಿಲಿನಲ್ಲಿ ಕೂತಿದ್ದವು. ಅವುಗಳಲ್ಲಿ ಅವಳು ಕುಂತು ಕಾಯ್ದ ಕಲ್ಲು ಯಾವುದು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಅದು ಗೊತ್ತಾಗದಂತೆ ಹೊಂದಿಕೊಂಡಿರುವುದೇ ಚೆಂದ.

"ಅಜ್ಜಿ, ಇದೆಲ್ಲಾ ನೀವ ತಗದೀರಾ?" ಎಂದು ಒಬ್ಬಳು ಕೇಳಿದಳು.

"ನಾನೊಬ್ಬಾಕೀನ ಅಲ್ಲವ್ವ. ಕಮಲಾಪುರದ ಅರ್ಧ ಹೆಂಗಸರು ತಗದೀವಿ. ಕಟ್ಟಿದವರೂ ಮಂದಿ, ತಗದವರೂ ಮಂದಿ."

"ಎಲ್ಲಾದಕ್ಕಿಂತ ಛಲೋದು ಯಾವುದಜ್ಜಿ? ಅದನ್ನ ತೋರಿಸ್ರಿ."

ನಾನು ಕಲ್ಲಿನ ರಥ ಎನ್ನುತ್ತಿದ್ದೆ. ಅವಳು ಸುತ್ತ ಒಂದು ಸಲ ನೋಡಿದಳು. ದಿಬ್ಬ, ಗೋಡೆ, ಕೊಳ, ಆಚೆ ಹುಲ್ಲು ಬೆಳೆದ ಖಾಲಿ ಬಯಲು, ಅದರಾಚೆ ಬಾಳೆಯ ಹಸಿರು. ಆಮೇಲೆ ಬೆರಳನ್ನು ನೆಟ್ಟಗೆ ಕೆಳಗೆ, ನಾವೆಲ್ಲ ನಿಂತಿದ್ದ ನೆಲಕ್ಕೆ ತೋರಿಸಿದಳು.

"ಅದನ್ನ ಇನ್ನೂ ತಗದಿಲ್ಲ. ಇಲ್ಲೇ ಕೆಳಗೈತಿ."

ಮಕ್ಕಳೆಲ್ಲ ಒಟ್ಟಿಗೆ ತಮ್ಮ ಕಾಲು ನೋಡಿಕೊಂಡರು. ಬೆಳಗಿನಿಂದ ಅಷ್ಟು ಓಡಾಡಿ ಗದ್ದಲ ಹಾಕಿದವರು, ಬಸ್ಸಿನವರೆಗೂ ಮನೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ ಮೆಲ್ಲಗೆ ಹೆಜ್ಜೆ ಇಟ್ಟುಕೊಂಡು ನಡೆದರು. ನಾನು ಅಲ್ಲಿಯವರೆಗೆ ನೆಲಕ್ಕೆ ಊರಿಕೊಂಡು ಬರುತ್ತಿದ್ದ ಛತ್ರಿಯನ್ನು ಮೇಲೆತ್ತಿ ಕಂಕುಳಲ್ಲಿ ಇಟ್ಟುಕೊಂಡೆ.